ಕ್ಲೋರಿನ್ನಿನ ಪೂರ್ವವೃತ್ತಾಂತವೂ ನೆರೆ ಹೊಕ್ಕ ಬಾವಿಗಳೂ

2019ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಯು ದಡ ಮೀರಿ ಗೋಕಾಕ ಪಟ್ಟಣಕ್ಕೂ ಮೂಡಲಗಿ ಸೀಮೆಯ ನದೀತೀರದ ಊರುಗಳಿಗೂ ನುಗ್ಗಿತು. ಹಿರಣ್ಯಕೇಶಿಯು ಹುಕ್ಕೇರಿ ತಾಲೂಕಿನ ಸಂಕೇಶ್ವರವನ್ನು ಹೊಕ್ಕಿತು. 2024ರ ಜುಲೈ ತಿಂಗಳಿನಲ್ಲಿಯೂ ಘಟಪ್ರಭೆಗೆ ನೆರೆ ಬಂದಿತು. ಬೆಳೆಯ ಹಾನಿಯನ್ನು ಎಲ್ಲರೂ ಲೆಕ್ಕ ಹಾಕುವರು. ಹೊಲಸು ಸೇರಿದ ಬಾವಿಯನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ವಾಂತಿಭೇದಿ, ವಿಷಮಜ್ವರಗಳು ಹಬ್ಬುವದು ಇಂಥ ನೀರಿನಿಂದಲೇ. ಇದಕ್ಕೆ ಅಗ್ಗದ ಉಪಾಯವೆಂದರೆ ಚಲುವೆ ಪುಡಿ, ಅರ್ಥಾತ್ ಬ್ಲೀಚಿಂಗ್ ಪೌಡರ್. ಅದರ ಬಲವೆಲ್ಲ ಕ್ಲೋರಿನ್ ಎಂಬ ವಾಯುವಿನದು.

ಹಸುರು ಮಿಶ್ರಿತ ಹಳದಿ ಬಣ್ಣದ, ಉಸಿರು ಕಟ್ಟಿಸುವ ಈ ವಾಯುವನ್ನು ಸ್ವೀಡನ್ ದೇಶದ ಶೀಲೆ ಎಂಬ ರಸಾಯನಜ್ಞನು 1774ರಲ್ಲಿ ತೆಗೆದನು. ಇದು ಮೂಲವಸ್ತುವೆಂದು 1810ರಲ್ಲಿ ಸಾರಿ ಹೆಸರಿಟ್ಟವನು ಡೇವಿ. ಯುರೋಪಿನಲ್ಲಿ ಅರಿವೆಯನ್ನು ತಿಂಗಳುಗಟ್ಟಲೆ ಬಿಸಿಲಿಗೆ ಹರವಿ, ಹುಳಿಮಜ್ಜಿಗೆಯಲ್ಲಿ ನೆನೆಯಿಸಿ ಬೆಳ್ಳಗೆ ಮಾಡುತ್ತಿದ್ದರು. 1799ರಲ್ಲಿ ಟೆನಂಟನು ಅರಳಿದ ಸುಣ್ಣಕ್ಕೆ ಕ್ಲೋರಿನ್ ಉಣಿಸಿ ಈ ಪುಡಿಯನ್ನು ಮಾಡಲು, ಆ ತೊಡಕು ತಪ್ಪಿತು. 1915ರ ಯುದ್ಧದಲ್ಲಿ ಇದೇ ವಾಯುವನ್ನು ಸೈನಿಕರ ಮೇಲೆ ಬಿಟ್ಟದ್ದುಂಟು. ಅದಕ್ಕೆ ಮೊದಲೇ, 1908ರಲ್ಲಿ, ಅಮೇರಿಕೆಯ ಜರ್ಸಿ ಸಿಟಿಯು ಊರ ನೀರಿಗೆ ನಿತ್ಯವೂ ಅಲ್ಪ ಪ್ರಮಾಣದಲ್ಲಿ ಕ್ಲೋರಿನ್ ಬೆರೆಸಲು ಆರಂಭಿಸಿತ್ತು. ಕೊಲ್ಲುವದೂ ಕಾಯುವದೂ ಪ್ರಮಾಣವನ್ನೇ ಅವಲಂಬಿಸಿರುವದು.

ಆದಕಾರಣ ಬಾವಿಯನ್ನು ಅಳೆಯದೆ ಪುಡಿ ಚೆಲ್ಲತಕ್ಕದ್ದಲ್ಲ. ದುಂಡು ಬಾವಿಯ ವ್ಯಾಸವನ್ನು ಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದಲೂ 785ರಿಂದಲೂ ಗುಣಿಸಿದರೆ ಲೀಟರುಗಳು ಬರುವವು. ಚೌಕ ಬಾವಿಯಾದರೆ ಉದ್ದ, ಅಗಲ, ಆಳಗಳನ್ನು ಗುಣಿಸಿ 1000ದಿಂದ ಗುಣಿಸಬೇಕು. ಸಾವಿರ ಲೀಟರಿಗೆ ಒಳ್ಳೆಯ ಪುಡಿ ಎರಡೂವರೆ ಗ್ರಾಮು ಸಾಕು. 3 ಮೀಟರ್ ವ್ಯಾಸ, 4 ಮೀಟರ್ ನೀರು ಇರುವ ದುಂಡು ಬಾವಿಗೆ ಸುಮಾರು 70 ಗ್ರಾಮು. ರಾಡಿ ನೀರಿನಲ್ಲಿ ಪುಡಿಯ ಬಲವು ರಾಡಿಯ ಮೇಲೆಯೇ ವೆಚ್ಚವಾಗುವದರಿಂದ ಮೊದಲು ಆ ನೀರನ್ನು ಪಂಪಿನಿಂದ ಹೊರಹಾಕಿಸತಕ್ಕದ್ದು. ಪುಡಿಯನ್ನು ಬಕೆಟ್ಟಿನಲ್ಲಿ ಸ್ವಲ್ಪ ನೀರಿನಿಂದ ಕಲಸಿ, ಮುಕ್ಕಾಲು ಬಕೆಟ್ ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು, ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಚೆನ್ನಾಗಿ ಕಲಕಬೇಕು. ತಳದ ಸುಣ್ಣವು ಬಾವಿಗೆ ಬೇಡ. ಒಂದು ತಾಸು ಯಾರೂ ನೀರು ಸೇದಬಾರದು. ರಾತ್ರಿ ಹಾಕಿಸುವದು ಉತ್ತಮ. ಬಳಿಕ ಲೀಟರಿಗೆ ಅರ್ಧ ಮಿಲಿಗ್ರಾಮು ಕ್ಲೋರಿನ್ ಉಳಿದಿರಬೇಕು. ಇದನ್ನು ಕ್ಲೋರೋಸ್ಕೋಪಿನಿಂದ ನೋಡಬಹುದು. ನಸುವಾಸನೆಗೆ ಹೆದರಿ ಹಳ್ಳದ ನೀರಿಗೆ ಹೋಗುವವರಿಗೆ ತಿಳಿಹೇಳುವದು ಊರ ಗೌಡರ ಕೆಲಸವೇ ಸರಿ. ಜಮೀನುದಾರರು ತಮ್ಮ ತೋಟದ ಬಾವಿಯನ್ನೂ ಮರೆಯತಕ್ಕದ್ದಲ್ಲ. ಆಳುಮಕ್ಕಳು ಕುಡಿಯುವದು ಅದೇ ನೀರನ್ನು.

ಈ ಪುಡಿಯಿಂದ ನೀರಿನ ಸವುಳಾಗಲಿ, ಅದರಲ್ಲಿ ಇಳಿದ ಗೊಬ್ಬರದ ನೈಟ್ರೇಟಾಗಲಿ ಹೋಗುವದಿಲ್ಲ. ಗಾಳಿ, ಬೆಳಕು, ತೇವ ತಾಗಿದ ಪುಡಿಯು ದಿನೇ ದಿನೇ ಬಲಗುಂದುವದು. ಆದುದರಿಂದ ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಯೂರಿಯಾ ಚೀಲಗಳಿಂದಲೂ ಆಸಿಡ್ಡಿನಿಂದಲೂ ದೂರ, ಬೇರೆ ಕೋಣೆಯಲ್ಲಿ ಇರಿಸತಕ್ಕದ್ದು.