ಎಷ್ಟು ದೂರ ಕಾಣುತ್ತೆ?

ಬೈನಾಕ್ಯುಲರ್ ಕೊಳ್ಳಲು ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ಇದು: ‘ಇದರಲ್ಲಿ ಎಷ್ಟು ದೂರ ಕಾಣುತ್ತೆ ಸಾರ್?’ ಅಂಗಡಿಯಾತನೂ ತಡವರಿಸದೆ ‘ಹತ್ತು ಕಿಲೋಮೀಟರ್’ ಎಂದುಬಿಡುತ್ತಾನೆ. ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರದ ಚಂದ್ರ ಬರಿಗಣ್ಣಿಗೇ ಕಾಣುತ್ತಾನೆ ಎಂಬುದು ಆ ಹೊತ್ತಿನಲ್ಲಿ ಇಬ್ಬರಿಗೂ ನೆನಪಾಗುವುದಿಲ್ಲ! ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅದನ್ನು ಚೆನ್ನಾಗಿ ಅರಿತವರು ಯೂರೋಪಿನ ಬೇಟೆಗಾರರು.

ಜರ್ಮನಿ, ಆಸ್ಟ್ರಿಯಾಗಳಲ್ಲಿ ಪರವಾನಗಿ ಪಡೆದವರು ಇಂದಿಗೂ ಬೇಟೆಯಾಡುತ್ತಾರೆ. ಕಾಡಿನ ಅಂಚಿನಲ್ಲಿ ಏಣಿ ಇಟ್ಟ ಒಂದು ಅಟ್ಟಣೆ. ನಮ್ಮ ರೈತರು ಹಂದಿ ಕಾಯಲು ಹೊಲದಲ್ಲಿ ಕಟ್ಟಿಕೊಳ್ಳುವಂಥದೇ. ಜಿಂಕೆ, ಕಾಡುಹಂದಿಗಳು ಬಯಲಿಗೆ ಬರುವುದು ಹೊತ್ತು ಮುಳುಗಿದ ಮೇಲೆ. ಬಂದದ್ದು ಗಂಡೋ ಹೆಣ್ಣೋ, ಜೊತೆಗೆ ಮರಿ ಇದೆಯೋ ಎಂದು ಖಚಿತವಾಗದೆ ಗುಂಡು ಹಾರಿಸುವಂತಿಲ್ಲ. ಹಾಗಾಗಿ ಅಲ್ಲಿನ ಬೇಟೆಗಾರನ ಕೊರಳಲ್ಲಿ 8×56 ಎಂದು ಬರೆದ ದಪ್ಪನೆಯ ಬೈನಾಕ್ಯುಲರ್ ನೇತಾಡುತ್ತಿರುತ್ತದೆ. ಸುಮಾರು ಒಂದು ಕಿಲೋ ಅಥವಾ ಅದಕ್ಕೂ ಮಿಗಿಲಾದ ಭಾರ. ಅದನ್ನು ಆತ ಹೊರುವುದು ದೂರಕ್ಕಾಗಿ ಅಲ್ಲ, ಬೆಳಕಿಗಾಗಿ.

ಈ ಎರಡು ಅಂಕಿಗಳಲ್ಲಿ ಮೊದಲನೆಯದು ವರ್ಧನೆ. ಎಂಟು ಎಂದರೆ, 80 ಮೀಟರ್ ದೂರದ ಪ್ರಾಣಿ 10 ಮೀಟರ್ ಹತ್ತಿರದಲ್ಲಿ ನಿಂತಂತೆ ಕಾಣುತ್ತದೆ. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 8×56ರಲ್ಲಿ ಅದು 7 ಮಿ.ಮೀ. ಜೇಬಿಗೆ ಹಾಕುವ 10×25ರಲ್ಲಿ ಎರಡೂವರೆ ಮಾತ್ರ. ಬೆಳಕು ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಇವೆರಡರ ಅಂತರ ಹೆಚ್ಚುಕಡಿಮೆ ಎಂಟು ಪಟ್ಟು.

ಹಾಗಾದರೆ ಎಲ್ಲರೂ 8×56 ಕೊಳ್ಳಬೇಕೇ? ಇಲ್ಲ. ಕತ್ತಲಲ್ಲಿ ಕಣ್ಣಿನ ಪಾಪೆ ಹರೆಯದಲ್ಲಿ ಸುಮಾರು 7 ಮಿ.ಮೀ. ಅರಳುತ್ತದೆ, ಐವತ್ತು ದಾಟಿದವರಲ್ಲಿ ಸಾಮಾನ್ಯವಾಗಿ 5ರ ಆಸುಪಾಸಿಗೆ ನಿಲ್ಲುತ್ತದೆ. ಪಾಪೆಗಿಂತ ಅಗಲವಾದ ಬೆಳಕು ಸುತ್ತಲಿನ ಕರಿಯ ವೃತ್ತದ ಮೇಲೆ ಬಿದ್ದು ವ್ಯರ್ಥ. ನಿವೃತ್ತಿಯ ಹಣದಲ್ಲಿ ಭಾರಿ ಗಾಜು ಕೊಂಡವರು ಅರ್ಧದಷ್ಟು ಬೆಳಕನ್ನು ಮೂಗಿನ ಮೇಲೆ ಹೊತ್ತು ಚೆಲ್ಲುತ್ತಿರುತ್ತಾರೆ! ಅವರಿಗೆ 8×40 ಸಾಕು. ಐದು ಮಿ.ಮೀ. ಬೆಳಕು, ಭಾರವೂ ಕಡಿಮೆ, ಬೆಲೆಯೂ ಕಡಿಮೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿಯ ಕಾಲ ಮುಗಿಯಿತು. ಆದರೆ ಬೇಟೆಗಾರನ ಗಾಜು ಉಳಿಯಿತು. ಕೋವಿಯಿಂದ ದುರ್ಬೀನಿಗೆ ಬಂದವರಲ್ಲಿ ಸಲೀಂ ಅಲಿ ದೊಡ್ಡ ಹೆಸರು. ಬಾಲಕನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಿಯೊಂದರ ಗುರುತು ಹುಡುಕಲು ಹೊರಟು ಅವರು ಪಕ್ಷಿಶಾಸ್ತ್ರಜ್ಞರಾದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಗಿ ಘೋಷಣೆಯಾದದ್ದರ ಹಿಂದೆ ಅವರ ಒತ್ತಾಸೆಯಿತ್ತು. ಇಂದು ಅಲ್ಲಿಗೂ ಕೊಕ್ಕರೆ ಬೆಳ್ಳೂರಿಗೂ ಹೋಗುವ ಶಾಲಾ ಮಕ್ಕಳು ಬೈನಾಕ್ಯುಲರನ್ನು ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳುತ್ತಾರೆ.

ಸಕಲೇಶಪುರ, ಆಲೂರು, ಕೊಡಗಿನ ಕಡೆ ಇದು ಹವ್ಯಾಸದ ಮಾತಲ್ಲ. ಕಾಫಿ ತೋಟಗಳಲ್ಲಿ ಆನೆಯ ಕಾಲಿಗೆ ಸಿಕ್ಕಿ ಜನ ಸತ್ತಿದ್ದಾರೆ. ಬೆಳಿಗ್ಗೆ ಆಳುಗಳನ್ನು ತೋಟಕ್ಕೆ ಇಳಿಸುವ ಮುನ್ನ ಸಿಲ್ವರ್ ಮರಗಳ ಬುಡದಲ್ಲಿ ಕಾಣುವ ಕಪ್ಪು ಬಂಡೆಯೋ ಆನೆಯೋ ಎಂದು ತಿಳಿಯಬೇಕು. ಮಂಜು ಮುಸುಕಿದ ಆ ಹೊತ್ತಿನಲ್ಲಿ ಜೇಬಿನ ಬೈನಾಕ್ಯುಲರ್ ಸಣ್ಣ ಬಂಡೆಯನ್ನು ದೊಡ್ಡ ಬಂಡೆಯಾಗಿ ತೋರಿಸೀತು, ಅಷ್ಟೆ.

ಇನ್ನು ಬೆಲೆಯ ಮಾತು. ಆಸ್ಟ್ರಿಯಾದ ಸ್ವರೋವ್‌ಸ್ಕಿಯಂಥ ಕಂಪೆನಿಗಳ ಉತ್ತಮ ಮಾದರಿಗಳು ಲಕ್ಷ ರೂಪಾಯಿ ದಾಟುತ್ತವೆ. ಕೆಲವೇ ಸಾವಿರ ಕೈಯಲ್ಲಿರುವವರು ಮೊದಲು ಉಪಕರಣದ ಆಕಾರ ನೋಡಬೇಕು. ನೇರ ಕೊಳವೆಯಂತೆ ನಾಜೂಕಾಗಿ ಕಾಣುವುದು ‘ರೂಫ್’ ಅಶ್ರಗದ್ದು. ಭುಜ ಉಬ್ಬಿಸಿ ನಿಂತ ಪೈಲ್ವಾನನಂತಿರುವುದು ಪೊರೊ ಅಶ್ರಗದ್ದು. ಇಟಲಿಯ ಇಗ್ನಾಸಿಯೊ ಪೊರೊ 1854ರಲ್ಲಿ ಈ ಜೋಡಣೆಗೆ ಪೇಟೆಂಟ್ ಪಡೆದ. 1894ರಲ್ಲಿ ಜರ್ಮನಿಯ ಝೈಸ್ ಕಂಪೆನಿ ಇದನ್ನು ಬಳಸಿ ಬೈನಾಕ್ಯುಲರುಗಳನ್ನು ಮಾರುಕಟ್ಟೆಗೆ ತಂದಿತು. ರೂಫ್ ಅಶ್ರಗದ ಅಂಚನ್ನು ಅತಿ ನಿಖರವಾಗಿ ಉಜ್ಜಬೇಕು, ಅದಕ್ಕೆ ವಿಶೇಷ ಲೇಪನಗಳೂ ಬೇಕು. ಅಗ್ಗದ ಬೆಲೆಗೆ ಅದನ್ನು ಚೆನ್ನಾಗಿ ಮಾಡುವುದು ಕಷ್ಟ. ಅಷ್ಟೇ ಹಣಕ್ಕೆ ಪೊರೊ ಮಾದರಿ ಹೆಚ್ಚು ಸ್ಪಷ್ಟ ಚಿತ್ರ ಕೊಡುತ್ತದೆ. ನೋಟಕ್ಕೆ ಹಳೆಯ ಕಾಲದ್ದು ಎಂದು ಮೂಗು ಮುರಿಯಬಾರದು. ಮಳೆಗೆ ಮಾತ್ರ ಪೊರೊ ಸ್ವಲ್ಪ ಮೆದು, ಒಪ್ಪಬೇಕಾದ ಮಾತು.

ಲೇಪನದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬರಿಯ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ನ್ನು ಹಿಂದಕ್ಕೆ ಕಳಿಸುತ್ತದೆ. ಬೈನಾಕ್ಯುಲರಿನ ಒಂದು ಕೊಳವೆಯಲ್ಲಿ ಹತ್ತು ಮೈಗಳಿದ್ದರೆ ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಮಾಯ. ಝೈಸ್‌ನ ಅಲೆಕ್ಸಾಂಡರ್ ಸ್ಮಕುಲ 1935ರಲ್ಲಿ ಕಂಡುಕೊಂಡ ತೆಳು ಲೇಪನ ಈ ನಷ್ಟವನ್ನು ಬಹಳ ತಗ್ಗಿಸಿತು. ಅಂಗಡಿಯ ಟ್ಯೂಬ್‌ಲೈಟಿನ ಬಿಂಬವನ್ನು ಮುಂದಿನ ಮಸೂರದಲ್ಲಿ ನೋಡಿದರಾಯಿತು: ಬಿಂಬ ಬೆಳ್ಳಗೆ ಹೊಳೆದರೆ ಲೇಪನವಿಲ್ಲ, ಮಂಕಾದ ನೇರಳೆ ಅಥವಾ ಹಸಿರು ಬಣ್ಣದಲ್ಲಿದ್ದರೆ ಇದೆ. ಮಾಣಿಕ್ಯದಂತೆ ಕೆಂಪಗೆ ಥಳಥಳಿಸುವ ಗಾಜು ಮಾತ್ರ ಬೇಡವೇ ಬೇಡ. ಅದು ಕೆಂಪು ಬೆಳಕನ್ನು ಹೊರಗಟ್ಟುವುದರಿಂದ ಕಾಡೆಲ್ಲ ಹಸಿರು ನೀಲಿಯಾಗಿ ಕಾಣುತ್ತದೆ. ಜಾತ್ರೆಯಲ್ಲೂ ಪ್ರವಾಸಿ ತಾಣಗಳ ಬಾಗಿಲಲ್ಲೂ ‘ರಾತ್ರಿಯೂ ಕಾಣುತ್ತೆ’ ಎಂದು ಮಾರುವುದು ಹೆಚ್ಚಾಗಿ ಇದನ್ನೇ. ಇಂಥ ಸರಕಿನ ಮೇಲೆ 30×, 50× ಎಂದೆಲ್ಲ ಬರೆದಿರುತ್ತದೆ. ವರ್ಧನೆ ಹೆಚ್ಚಿದಂತೆ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಹತ್ತರ ಮೇಲೆ ಹೋದರೆ ಮೂರು ಕಾಲಿನ ಸ್ಟ್ಯಾಂಡ್ ಇಲ್ಲದೆ ನೋಡುವುದು ಕಷ್ಟ. ಜೂಮ್ ಎಂಬ ಆಮಿಷಕ್ಕೂ, ಕಡಿಮೆ ಬೆಲೆಯ ಮಟ್ಟದಲ್ಲಂತೂ, ಬಲಿಯಾಗಬಾರದು.

ಕೊಳ್ಳುವ ಮುನ್ನ ಮಾಡಬಹುದಾದ ಪರೀಕ್ಷೆಗಳು ಇನ್ನೂ ಇವೆ. ಉಪಕರಣವನ್ನು ಕಣ್ಣಿನಿಂದ ಒಂದಡಿ ದೂರ ಹಿಡಿದು ಆಕಾಶದತ್ತ ತಿರುಗಿಸಿದರೆ ನೇತ್ರಕದಲ್ಲಿ ಬೆಳಕಿನ ಪುಟ್ಟ ಬಿಲ್ಲೆ ಕಾಣುತ್ತದೆ. ಅದು ಪೂರ್ತಿ ದುಂಡಗಿರಬೇಕು. ಅಂಚುಗಳು ಮಸುಕಾಗಿ ಚೌಕದಂತೆ ಕಂಡರೆ ಪೊರೊ ಅಶ್ರಗದ ಗಾಜು ಸಾಧಾರಣದ್ದು. ಬಿಕೆ-7ಕ್ಕಿಂತ ಬಿಎಕೆ-4 ಮೇಲು. ಆಮೇಲೆ ಎದುರು ಮನೆಯ ತಾರಸಿಯ ಅಂಚನ್ನೋ ವಿದ್ಯುತ್ ತಂತಿಯನ್ನೋ ನೋಡುತ್ತ ನಿಧಾನವಾಗಿ ಉಪಕರಣವನ್ನು ಹಿಂದೆ ಸರಿಸಬೇಕು. ಎರಡು ಬಿಂಬಗಳಲ್ಲಿ ತಂತಿ ಒಂದೇ ಎತ್ತರದಲ್ಲಿಲ್ಲದಿದ್ದರೆ ಕೊಳವೆಗಳು ಸೊಟ್ಟಗಿವೆ ಎಂದರ್ಥ. ಅದನ್ನು ಬಳಸಿದರೆ ಐದೇ ನಿಮಿಷದಲ್ಲಿ ತಲೆನೋವು. ಕನ್ನಡಕ ಹಾಕುವವರು ಕನ್ನಡಕ ತೆಗೆಯದೆ ನೋಡಿ, ಪೂರ್ತಿ ವೃತ್ತ ಕಾಣುತ್ತದೆಯೇ ಎಂದು ಗಮನಿಸಬೇಕು. ಕಣ್ಣಿಗೂ ನೇತ್ರಕಕ್ಕೂ 15 ಮಿ.ಮೀ.ಯಾದರೂ ಬಿಡುವು ಇರುವ ಮಾದರಿ ಅವರಿಗೆ ಬೇಕು. ಇದನ್ನೆಲ್ಲ ಮಾಡಲು ಒಳ್ಳೆಯ ಹೊತ್ತು ಯಾವುದು? ಅಂಗಡಿಯವ ದೀಪ ಹಚ್ಚುವ ಸಂಜೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಗಾಜೂ ಚೆನ್ನಾಗಿಯೇ ಕಾಣುತ್ತದೆ.

‘ಎರಡು ಎರಡಾಗಿ ಕಾಣುತ್ತೆ’, ‘ಮಂಜು ಮಂಜು’ ಎಂದು ಒಳ್ಳೆಯ ಉಪಕರಣವನ್ನೂ ಬೀರುವಿಗೆ ಸೇರಿಸಿದವರುಂಟು. ತಪ್ಪು ಹೊಂದಿಸುವುದರಲ್ಲಿರುತ್ತದೆ. ಎರಡು ವೃತ್ತಗಳು ಒಂದಾಗುವಂತೆ ಕೊಳವೆಗಳನ್ನು ಮಡಿಸಿಕೊಳ್ಳಬೇಕು. ಬಲಗಡೆಯ ಮಸೂರ ಮುಚ್ಚಿ, ಎಡಗಣ್ಣಿಗೆ ಸ್ಪಷ್ಟವಾಗುವವರೆಗೆ ನಡುವಿನ ಚಕ್ರ ತಿರುಗಿಸಬೇಕು. ಬಳಿಕ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ, ಬಲ ನೇತ್ರಕದ ಉಂಗುರವನ್ನಷ್ಟೇ ತಿರುಗಿಸಬೇಕು. ಅಲ್ಲಿನ ಗುರುತನ್ನು ನೆನಪಿಟ್ಟುಕೊಂಡರೆ ಮುಂದೆ ಚಕ್ರವೊಂದೇ ಸಾಕು. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಕೂಡದು. ಕ್ಷಣ ಮಾತ್ರದಲ್ಲಿ ಕಣ್ಣು ಸುಟ್ಟೀತು. ಮಕ್ಕಳ ಕೈಗೆ ಕೊಡುವ ಮೊದಲು ಹೇಳಬೇಕಾದ ಮಾತು ಇದು.

ಮಲೆನಾಡಿನಲ್ಲಿ ಕೊಂಡವರಿಗೆ ಜೂನ್ ತಿಂಗಳಿಂದ ಇನ್ನೊಂದು ಕೆಲಸ. ಚರ್ಮದ ಚೀಲದೊಳಗೆ ಮುಚ್ಚಿಟ್ಟ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹರಳುಗಳ ಜೊತೆ ಇಡಬೇಕು. ಹರಳಿನ ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹುರಿದರೆ ಮತ್ತೆ ಬಳಸಬಹುದು. ಅಡುಗೆಯ ಬಾಣಲೆ ಬೇಡ, ಬೇರೆಯದೇ ಇರಲಿ.