ಕೊಟ್ಟವರು ಯಾರು, ಕಸಿಯಬಲ್ಲವರು ಯಾರು?

ಅಮೆರಿಕದ ವಯೋಮಿಂಗ್‌ನಲ್ಲಿ 1869ರ ಡಿಸೆಂಬರ್ 10ರಂದು ಗವರ್ನರ್ ಜಾನ್ ಕ್ಯಾಂಪ್‌ಬೆಲ್ ಅಂಕಿತ ಹಾಕಿದ ಒಂದು ಕಾನೂನು, 21 ತುಂಬಿದ ಹೆಂಗಸರಿಗೆ ಮತ ಹಾಕುವ ಮತ್ತು ಸರ್ಕಾರಿ ಹುದ್ದೆ ಹಿಡಿಯುವ ಹಕ್ಕು ಕೊಟ್ಟಿತು. ಆ ದೇಶದ ಸಂವಿಧಾನಕ್ಕೆ ಇಂಥದೊಂದು ತಿದ್ದುಪಡಿ ಸೇರಿದ್ದು 1920ರಲ್ಲಿ. ನ್ಯೂಯಾರ್ಕ್, ಬಾಸ್ಟನ್‌ಗಳಂಥ ಓದುಬರಹದ ಊರುಗಳನ್ನು ಬಿಟ್ಟು, ರೈಲು ಹಳಿ ಆಗಷ್ಟೇ ಹಾದುಹೋಗಿದ್ದ, ಒಟ್ಟು ಒಂಬತ್ತು ಸಾವಿರ ಜನರಿದ್ದ ಬಯಲುಸೀಮೆಗೆ ಈ ಬುದ್ಧಿ ಮೊದಲು ಬಂದದ್ದು ಹೇಗೆ ಎಂದು ಅಂದಿನಿಂದ ಚರ್ಚೆ ನಡೆದೇ ಇದೆ. ಹೊಸ ನೆಲದ ಕಷ್ಟದ ಬದುಕು ಗಂಡು ಹೆಣ್ಣಿನ ಭೇದವನ್ನು ಅಳಿಸಿತು ಎನ್ನುವವರು ಒಂದು ಕಡೆ; ಅದೆಲ್ಲ ರಾಜಕಾರಣಿಗಳ ಲೆಕ್ಕಾಚಾರ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕೊಟ್ಟವರ ಮನಸ್ಸನ್ನೇ ಕೆದಕುತ್ತಾರೆ. ಕೊಟ್ಟ ಹಕ್ಕನ್ನು ವಾಪಸು ಕಸಿಯುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಈ ಇತಿಹಾಸ ಹೆಚ್ಚು ಅರ್ಥವಾಗುತ್ತದೆ.

ಲೆಕ್ಕಾಚಾರ ಇತ್ತು, ಅನುಮಾನ ಬೇಡ. ಮಸೂದೆ ಮಂಡಿಸಿದ ವಿಲಿಯಂ ಬ್ರೈಟ್ ಸೌತ್ ಪಾಸ್ ಸಿಟಿ ಎಂಬ ಚಿನ್ನದ ಗಣಿಯ ಊರಿನಲ್ಲಿ ಸಾರಾಯಿ ಅಂಗಡಿ ಇಟ್ಟಿದ್ದವನು. ಕಪ್ಪುವರ್ಣೀಯ ಗಂಡಸರಿಗೆ ಮತ ಸಿಗುವುದನ್ನು ವಿರೋಧಿಸಿದ್ದವನು. ಅವರಿಗೇ ಸಿಗುವುದಾದರೆ ತನ್ನ ಹೆಂಡತಿಗೆ ಏಕೆ ಬೇಡ ಎಂಬುದು ಅವನ ವಾದ. ಆರು ಗಂಡಸರಿಗೆ ಒಬ್ಬ ಹೆಂಗಸೂ ಕಷ್ಟವಾಗಿದ್ದ ಸೀಮೆಗೆ ಪತ್ರಿಕೆಗಳಲ್ಲಿ ಹೆಸರಾದರೆ ವಲಸೆ ಬರುವ ಕುಟುಂಬಗಳು ಹೆಚ್ಚಬಹುದು ಎಂಬ ಆಸೆಯೂ ಇತ್ತು. ಶಾಸನಸಭೆಯಲ್ಲಿ ಇದ್ದವರೆಲ್ಲ ಡೆಮಾಕ್ರಟರು, ಗವರ್ನರ್ ರಿಪಬ್ಲಿಕನ್. ಅವನನ್ನು ಪೇಚಿಗೆ ಸಿಕ್ಕಿಸುವ ತಮಾಷೆಗಾಗಿ ಮಸೂದೆ ಪಾಸು ಮಾಡಿದರು ಎಂಬ ಮಾತೂ ಇದೆ. ಆದರೆ ಅದೇ ಅಧಿವೇಶನ ಮದುವೆಯಾದ ಹೆಂಗಸರಿಗೆ ಅವರ ಆಸ್ತಿಯ ಮೇಲೆ ಹಕ್ಕು ಕೊಟ್ಟಿತು, ಶಿಕ್ಷಕಿಯರಿಗೆ ಶಿಕ್ಷಕರಷ್ಟೇ ಸಂಬಳ ಎಂದೂ ಬರೆಯಿತು. ತಮಾಷೆಗೆ ಯಾರೂ ಮೂರು ಕಾನೂನು ಮಾಡುವುದಿಲ್ಲ.

ಇನ್ನು ಹೊಸ ನೆಲದ ಸಮಾನತೆಯ ಮಾತು. ಕಷ್ಟದ ಬದುಕೇ ಕಾರಣವಾಗಿದ್ದರೆ ಪಕ್ಕದ ಮೊಂಟಾನಾದಲ್ಲೂ ಗಣಿಗಾರರ ನೆವಾಡಾದಲ್ಲೂ ಹೆಂಗಸರು 1914ರ ತನಕ ಕಾಯಬೇಕಿರಲಿಲ್ಲ. ಕಾನ್ಸಸ್‌ನಲ್ಲಿ 1867ರಲ್ಲಿ ಈ ಪ್ರಶ್ನೆಯನ್ನು ಮತದಾರರ ಮುಂದಿಟ್ಟಾಗ ಅವರು ತಳ್ಳಿಹಾಕಿದರು. ಕೊಲೊರಾಡೊದಲ್ಲಿ 1877ರಲ್ಲಿ ಸೋತು, 1893ರಲ್ಲಿ ಗೆಲ್ಲಬೇಕಾಯಿತು. ಅಲ್ಲೆಲ್ಲ ಸಾವಿರಾರು ಗಂಡಸರ ಒಪ್ಪಿಗೆ ಬೇಕಿತ್ತು. ವಯೋಮಿಂಗ್ ಆಗ ರಾಜ್ಯವಾಗಿರಲಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ಗವರ್ನರ್ ಆಳುವ ಟೆರಿಟರಿ. ಅಲ್ಲಿನ ಮೇಲ್ಮನೆಯಲ್ಲಿ ಪರವಾಗಿ 6, ವಿರೋಧವಾಗಿ 2 ಮತ. ಕೆಳಮನೆಯಲ್ಲಿ 7 ಮತ್ತು 4. ಗವರ್ನರ್ ಸೇರಿ 14 ಗಂಡಸರು ಹೂಂ ಎಂದರು, ಕೆಲಸ ಮುಗಿಯಿತು. ಗಾಳಿ ನೀರಿನ ಗುಣಕ್ಕಿಂತ ಈ ಸಣ್ಣ ಸಂಖ್ಯೆಯೇ ದೊಡ್ಡ ಕಾರಣ ಎಂದು ನನಗೆ ಅನಿಸುತ್ತದೆ. ಇಷ್ಟು ಸುಲಭವಾಗಿ ಬಂದದ್ದು ಅಷ್ಟೇ ಸುಲಭವಾಗಿ ಹೋಗಬಹುದಿತ್ತು ಕೂಡ.

ಹೆಂಗಸರಂತೂ ಸಿಕ್ಕ ಹಕ್ಕನ್ನು ಬಳಸಲು ತಡಮಾಡಲಿಲ್ಲ. ಎಸ್ತರ್ ಮಾರಿಸ್ 1870ರ ಫೆಬ್ರವರಿಯಲ್ಲಿ ಸೌತ್ ಪಾಸ್ ಸಿಟಿಯ ನ್ಯಾಯಾಧಿಕಾರಿಯಾಗಿ ನೇಮಕಗೊಂಡು, ಸುಮಾರು ಎಂಟೂವರೆ ತಿಂಗಳು ಕುಡುಕರ, ಸಾಲಗಾರರ ವ್ಯಾಜ್ಯ ಕೇಳಿದರು. ಸೆಪ್ಟೆಂಬರ್ 6ರ ಬೆಳಿಗ್ಗೆ ಲಾರಮಿ ಊರಿನಲ್ಲಿ ಎಪ್ಪತ್ತರ ಹತ್ತಿರದ ಲೂಯಿಸಾ ಸ್ವೇನ್, ಬ್ರೆಡ್ಡಿಗೆ ಬೇಕಾದ ಯೀಸ್ಟ್ ತರಲು ಪುಟ್ಟ ಡಬ್ಬಿ ಹಿಡಿದು ಹೊರಟವರು, ದಾರಿಯಲ್ಲಿ ಮತಗಟ್ಟೆಗೆ ಹೋಗಿ ಮತ ಹಾಕಿದರು. ಆದರೆ ಆ ಚುನಾವಣೆಯಲ್ಲಿ ಡೆಮಾಕ್ರಟರು ನಿರೀಕ್ಷಿಸಿದಷ್ಟು ಕೃತಜ್ಞತೆಯನ್ನು ಹೆಂಗಸರು ತೋರಿಸಲಿಲ್ಲ. 1871ರ ಶಾಸನಸಭೆ ಕಾನೂನನ್ನೇ ರದ್ದುಮಾಡಲು ಹೊರಟಿತು. ಕ್ಯಾಂಪ್‌ಬೆಲ್ ವೀಟೊ ಹಾಕಿದ. ಕೆಳಮನೆ ಆ ವೀಟೊವನ್ನು ಮುರಿಯಿತು. ಮೇಲ್ಮನೆಯಲ್ಲಿ ಮುರಿಯಲು ಒಂದು ಮತ ಕಡಿಮೆ ಬಿತ್ತು. ಆ ಒಂದು ಮತದ ಮೇಲೆ ಹಕ್ಕು ಉಳಿಯಿತು.

ಯೂಟಾ ಟೆರಿಟರಿಯ ಹೆಂಗಸರಿಗೆ ಆ ಅದೃಷ್ಟ ಇರಲಿಲ್ಲ. ಅಲ್ಲಿ 1870ರ ಫೆಬ್ರವರಿ 12ರಂದು ಕಾನೂನಾಯಿತು, ಎರಡೇ ದಿನದಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಸೆರಾಫ್ ಯಂಗ್ ಮತ ಹಾಕಿದರು. ವಯೋಮಿಂಗ್‌ನವರಿಗಿಂತಲೂ ಏಳು ತಿಂಗಳು ಮೊದಲು. ಮತ ಸಿಕ್ಕರೆ, ಬಹುಪತ್ನಿತ್ವವನ್ನು ಒಪ್ಪಿದ್ದ ಅಲ್ಲಿನ ಮಾರ್ಮನ್ ಪಂಥದ ಹೆಂಗಸರು ಅದನ್ನು ತಾವೇ ಕೊನೆಗಾಣಿಸುತ್ತಾರೆ ಎಂದು ಪೂರ್ವದ ಸುಧಾರಕರು ನಂಬಿದ್ದರು. ಹಾಗಾಗಲಿಲ್ಲ. 1887ರಲ್ಲಿ ಬಹುಪತ್ನಿತ್ವದ ವಿರುದ್ಧ ಮಾಡಿದ ಎಡ್ಮಂಡ್ಸ್–ಟಕ್ಕರ್ ಕಾಯಿದೆಯಲ್ಲಿ ಅಮೆರಿಕದ ಕಾಂಗ್ರೆಸ್ ಯೂಟಾದ ಎಲ್ಲ ಹೆಂಗಸರ ಮತವನ್ನೂ ಕಿತ್ತುಕೊಂಡಿತು, ಬಹುಪತ್ನಿತ್ವಕ್ಕೆ ಸಂಬಂಧವೇ ಇಲ್ಲದವರದ್ದೂ ಸೇರಿ. ಹದಿನೇಳು ವರ್ಷ ಮತ ಹಾಕಿದವರು ಒಂದು ದಿನ ಮತದಾರರಲ್ಲ. ಅದೇ ವರ್ಷ ವಾಷಿಂಗ್ಟನ್ ಟೆರಿಟರಿಯಲ್ಲಿ ನ್ಯಾಯಾಲಯವು ಹೆಂಗಸರಿಗೆ ಮತ ಕೊಟ್ಟಿದ್ದ 1883ರ ಕಾನೂನಿನ ಶೀರ್ಷಿಕೆ ಸರಿಯಿಲ್ಲ ಎಂಬ ನೆಪದಲ್ಲಿ ಅದನ್ನು ರದ್ದುಪಡಿಸಿತು. ಅಲ್ಲಿ ಹಕ್ಕು ಶಾಶ್ವತವಾಗಿ ಬರಲು 1910 ಆಯಿತು.

ಹಾಗಾದರೆ ಆರಂಭದ ಈ ಕಾನೂನುಗಳಿಗೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ಬಳಕೆಯಿಂದ ಬಂದ ಬೆಲೆ ಅದು. 1889ರಲ್ಲಿ ವಯೋಮಿಂಗ್ ರಾಜ್ಯವಾಗಲು ಸಂವಿಧಾನ ಬರೆದಾಗ, ಹೆಂಗಸರ ಮತವನ್ನು ಪ್ರತ್ಯೇಕವಾಗಿ ಜನರ ಮುಂದಿಡೋಣ ಎಂಬ ಸಲಹೆಯನ್ನು ಸಭೆ ತಳ್ಳಿತು. ಇಪ್ಪತ್ತು ವರ್ಷ ನಡೆದುಬಂದದ್ದನ್ನು ಮತ್ತೆ ಕೇಳುವುದೇಕೆ? ಕಾಂಗ್ರೆಸ್‌ನ ಕೆಳಮನೆಯಲ್ಲಿ ಹೆಂಗಸರ ಮತಕ್ಕೇ ವಿರೋಧ ಎದ್ದು, ಕೊನೆಗೆ ರಾಜ್ಯವಾಗಲು 139ಕ್ಕೆ 127ರಂತೆ ಒಪ್ಪಿಗೆ ಸಿಕ್ಕಿತು. 1890ರ ಜುಲೈ 10ರಿಂದ ಅದು ಯಾರ ಕೃಪೆಯ ಮೇಲೂ ನಿಲ್ಲದ ಹಕ್ಕಾಯಿತು. ಅದೇ ನೆಲದ ಶೋಶೋನಿ, ಅರಪಾಹೊ ಬುಡಕಟ್ಟುಗಳ ಹೆಂಗಸರಿಗೆ ಮಾತ್ರ ಇದು ಅನ್ವಯಿಸಲಿಲ್ಲ. ಅಮೆರಿಕದ ಎಲ್ಲ ಮೂಲನಿವಾಸಿಗಳಿಗೆ ಪೌರತ್ವ ಸಿಕ್ಕಿದ್ದೇ 1924ರಲ್ಲಿ. ಹಕ್ಕನ್ನು ಮೊದಲು ಕೊಟ್ಟ ಹಿರಿಮೆಯ ಕಥೆಯಲ್ಲಿ ಈ ಪುಟವನ್ನು ಬಿಡುವುದು ಸರಿಯಲ್ಲ.

ಒಬ್ಬರ ಕೃಪೆಯ ಮೇಲೆ ನಿಂತ ಹಕ್ಕು ಎಷ್ಟು ಸುಲಭವಾಗಿ ಹೋಗುತ್ತದೆ ಎಂಬುದಕ್ಕೆ ಜ್ಯೂರಿಯ ವಿಷಯ ಇನ್ನೂ ಸ್ಪಷ್ಟ ಸಾಕ್ಷಿ. 1870ರ ಮಾರ್ಚ್‌ನಲ್ಲಿ ಲಾರಮಿಯ ನ್ಯಾಯಾಲಯದಲ್ಲಿ ಹೆಂಗಸರು ಜ್ಯೂರಿಯಲ್ಲಿ ಕೂತಿದ್ದರು. ಅದಕ್ಕೆ ಬೇರೆ ಕಾನೂನು ಇರಲಿಲ್ಲ. ಮುಖ್ಯ ನ್ಯಾಯಾಧೀಶ ಜಾನ್ ಹೋವ್ ಮತದಾನದ ಕಾನೂನನ್ನು ಹಾಗೆ ಅರ್ಥೈಸಿದ್ದ, ಅಷ್ಟೆ. ಅವನು ಹುದ್ದೆ ಬಿಟ್ಟ ಮೇಲೆ ಆ ಪದ್ಧತಿ ನಿಂತಿತು. ವಯೋಮಿಂಗ್‌ನ ಹೆಂಗಸರು ಮತ್ತೆ ಜ್ಯೂರಿಯಲ್ಲಿ ಕೂತದ್ದು 1950ರಲ್ಲಿ.