ಬೀಳು ನೆಲಕ್ಕೂ ಬೆಲೆಯಿದೆ

ಗಂಡು ಹಕ್ಕಿ ನಿಂತರೆ ಒಂದು ಮೀಟರ್ ಎತ್ತರ. ತೂಕ ಹದಿನೈದು ಕಿಲೋವರೆಗೂ ಇರಬಹುದು. ಇಷ್ಟು ದೊಡ್ಡ ಪಕ್ಷಿಯನ್ನು ಬಟಾಬಯಲಿನಲ್ಲಿ ಹುಡುಕಿಯೂ ಕಾಣದೆ ಹಿಂತಿರುಗುವುದು ಸಾಧ್ಯವೇ? ಸಾಧ್ಯ ಎಂಬುದಕ್ಕೆ 2024ರ ಡಿಸೆಂಬರಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ ನಾನು ಕಳೆದ ಎರಡು ದಿನಗಳೇ ಸಾಕ್ಷಿ. ನಾವು ಅರಸಿ ಹೋದದ್ದು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಹಕ್ಕಿಯನ್ನು. ಕನ್ನಡದಲ್ಲಿ ಅದಕ್ಕೆ ಎರೆಭೂತ ಎಂಬ ಹೆಸರಿದೆ. ಕಂಡಂತೆ ಮಾಡಿ ಮಾಯವಾಗುವ ಎರೆನೆಲದ ಈ ಜೀವಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಬೆಳಗಿನ ಚಳಿಯಲ್ಲಿ ಜೋಳ, ಹತ್ತಿ, ಕಡಲೆಯ ಹೊಲಗಳ ಅಂಚಿನಲ್ಲಿ ದುರ್ಬೀನು ಹಿಡಿದು ಕುಳಿತೆವು. ಕೃಷ್ಣಮೃಗಗಳ ಹಿಂಡು ಕಂಡಿತು. ಚಳಿಗಾಲಕ್ಕೆ ವಲಸೆ ಬರುವ ಗಿಡುಗಗಳು ಪೈರಿನ ಮೇಲೆ ತಗ್ಗಾಗಿ ತೇಲಿದವು. ಎರೆಭೂತ ಮಾತ್ರ ಕಾಣಲಿಲ್ಲ. ದಾರಿ ತೋರಿಸಲು ಬಂದಿದ್ದ ರೈತರು ಉಳದೆ ಬಿಟ್ಟ ತುಂಡು ನೆಲವೊಂದನ್ನು ತೋರಿಸಿ, 'ಬಂದರೆ ಇಂಥಲ್ಲೇ ಬರುತ್ತದೆ' ಎಂದರು. ಮರುಕ್ಷಣವೇ, 'ಆದರೆ ಬೀಳು ಬಿಟ್ಟರೆ ನಮಗೆ ಕೊಡುವವರು ಯಾರು?' ಎಂದು ಕೇಳಿದರು. ಇಡೀ ಸಮಸ್ಯೆ ಆ ಒಂದು ಪ್ರಶ್ನೆಯಲ್ಲಿದೆ.

2011ರಿಂದ ಈ ಪ್ರಭೇದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅತ್ಯಂತ ಗಂಡಾಂತರದ ವರ್ಗದಲ್ಲಿದೆ. ದೇಶದಲ್ಲಿ ಉಳಿದಿರುವವು ಇನ್ನೂರಕ್ಕಿಂತ ಕಡಿಮೆ. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಪ್ರದೇಶದಲ್ಲಿವೆ. ಕರ್ನಾಟಕದಲ್ಲಿರುವವು ಬೆರಳೆಣಿಕೆಯಷ್ಟು. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ನಾಯಿ ತಿಂದರೂ, ನೇಗಿಲು ಹಾಯ್ದರೂ ಆ ವರ್ಷದ ಸಂತಾನ ಮುಗಿಯಿತು. ನೇರ ಮುಂದಿನ ನೋಟ ಮಂದವಾದ್ದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಉಂಟು.

ಹಾಗಿದ್ದರೆ ಅಭಯಾರಣ್ಯ ಘೋಷಿಸಿದರೆ ಸಾಲದೇ? ಅನುಭವ ಬೇರೆಯೇ ಹೇಳುತ್ತದೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರ್ ವಿಸ್ತೀರ್ಣದ ಅಭಯಾರಣ್ಯ ರೂಪುಗೊಂಡಿತು. ನೀಲಗಿರಿ ನೆಡುತೋಪುಗಳು ಹಬ್ಬಿದ ಆ ನೆಲದಲ್ಲಿ ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ. ಹುಲ್ಲುಗಾವಲಿನ ಹಕ್ಕಿಗೆ ಮರ ನೆಡುವುದು ಉಪಕಾರವಲ್ಲ. ಮಹಾರಾಷ್ಟ್ರದಲ್ಲಿ 1979ರಲ್ಲಿ ಎಂಟು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕ ಪ್ರದೇಶವನ್ನು ಈ ಹಕ್ಕಿಗಾಗಿ ಘೋಷಿಸಲಾಯಿತು. ಊರು, ಹೊಲಗಳೆಲ್ಲ ಅದರೊಳಗೆ ಸೇರಿದ್ದರಿಂದ ಜನರ ಅಸಮಾಧಾನ ಬೆಳೆಯಿತು. ಕೊನೆಗೆ 2012ರಲ್ಲಿ ಅದನ್ನು ಸುಮಾರು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು.

ನಮ್ಮ ಕಂದಾಯ ದಾಖಲೆಗಳ ಭಾಷೆಯಲ್ಲಿ ಬೆಳೆ ಬಾರದ ನೆಲ ಬೀಳು ಅಥವಾ ಖರಾಬು. ಅಲ್ಲಿ ಮೇಯುವ ಕುರಿ, ಇಂಗುವ ಮಳೆನೀರು, ಬದುಕುವ ಹಕ್ಕಿ, ಯಾವುದೂ ಲೆಕ್ಕಕ್ಕೆ ಸೇರುವುದಿಲ್ಲ. ಬೆಲೆಯಿಲ್ಲವೆಂದು ಬರೆದ ಮೇಲೆ ಅದನ್ನು ನೆಡುತೋಪಿಗೋ ಸೌರ ಸ್ಥಾವರಕ್ಕೋ ಕೊಡಲು ಯಾರಿಗೂ ಅಳುಕಿರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದು ಹಳೆಯ ದೋಷ: ಮಾರುಕಟ್ಟೆ ಬೆಲೆ ಕಟ್ಟದ್ದನ್ನು ಬೆಲೆಯಿಲ್ಲದ್ದೆಂದೇ ಬಗೆಯುವುದು.

ಸಿರುಗುಪ್ಪದಲ್ಲಿ ಎರೆಭೂತ ಬದುಕಿರುವುದು ರೈತರ ಮಳೆಯಾಶ್ರಿತ ಹೊಲಗಳಲ್ಲಿ. ಕೊಳವೆಬಾವಿ ಬಂದು ವರ್ಷವಿಡೀ ಬೆಳೆ ನಿಂತರೆ, ಕೀಟನಾಶಕಕ್ಕೆ ಮಿಡತೆಗಳು ಸತ್ತರೆ, ಹಕ್ಕಿಗೆ ಜಾಗವೂ ಇಲ್ಲ, ಆಹಾರವೂ ಇಲ್ಲ. ಆದರೆ ಲಾಭದ ಬೆಳೆಯನ್ನು ಬಿಡಿ ಎಂದು ರೈತನಿಗೆ ಬರಿಗೈಯಲ್ಲಿ ಉಪದೇಶಿಸುವುದು ನ್ಯಾಯವಲ್ಲ. ಒಂದಿಷ್ಟು ನೆಲವನ್ನು ಬೀಳು ಬಿಡುವವರಿಗೆ, ಮೊಟ್ಟೆಯಿರುವ ತಾಕನ್ನು ಉಳದೆ ಕಾಯುವವರಿಗೆ ಎಕರೆವಾರು ಹಣ ಪ್ರತಿವರ್ಷ ತಪ್ಪದೆ ತಲುಪಬೇಕು. ಅದು ಪರಿಹಾರವಲ್ಲ, ಸೇವೆಗೆ ಸಲ್ಲುವ ಸಂಭಾವನೆ. ಭೂಸ್ವಾಧೀನಕ್ಕೆ ತಗಲುವ ವೆಚ್ಚದ ಮುಂದೆ ಇದು ಅಲ್ಪ.

ಇನ್ನೊಂದು ಮಾತು. ನಾವು ಕುಳಿತ ಹಳ್ಳಿಯ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಕ್ಯಾಮೆರಾ ಹಿಡಿದ ನಮ್ಮಂಥವರ ನುಗ್ಗಾಟವೂ ಈ ಹಕ್ಕಿಗೆ ಅಪಾಯವೇ. ಅದನ್ನು ಕಾಣುವ ಸಂತೋಷಕ್ಕಿಂತ ಅದು ಅಲ್ಲಿ ಇರುವುದು ಮುಖ್ಯ. ಅದನ್ನು ಇರಗೊಡುವ ರೈತ ಅದಕ್ಕಿಂತಲೂ ಮುಖ್ಯ.